ಕುಡಿತ ಚಟವಾಗುವುದು ಹೇಗೆ? ಬಿಡಿಸುವ ದಾರಿ ಯಾವುದು?



ಬೇಸಾಯ ಶಾಸ್ತ್ರದವನೊಬ್ಬ ಕುಡಿತದ ವಿಷಯ ಬರೆಯುವುದನ್ನು ಕಂಡು ತಮಗೆ ಆಶ್ಚರ್ಯವಾಗಬಹುದು. ನಾನು ವೈದ್ಯನಲ್ಲ. ತುಂಗಭದ್ರಾ ಅಚ್ಚುಕಟ್ಟು ಪ್ರದೇಶದ ಸವಳು-ಜವಳು ಭೂಮಿಗಳ ಸುಧಾರಣೆ ನನ್ನ ಕೆಲಸ. ಆದರೆ ಹದಿನೈದು ವರ್ಷ ಈ ಭಾಗದ ಹೊಲಗಳನ್ನು ಸುತ್ತಿದ ಮೇಲೆ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ಸವಳು ಹತ್ತಿ ಬೀಳು ಬಿದ್ದ ಹೊಲಗಳನ್ನು ಕಂಡಿದ್ದೇನೆ. ಯಜಮಾನನಿಗೆ ಕುಡಿತ ಹತ್ತಿ ಬೀಳು ಬಿದ್ದ ಹೊಲಗಳನ್ನೂ ಕಂಡಿದ್ದೇನೆ. ಮೊದಲನೆಯದಕ್ಕೆ ನಮ್ಮ ಬಳಿ ಪರೀಕ್ಷೆ ಇದೆ, ಉಪಚಾರ ಇದೆ. ಎರಡನೆಯದಕ್ಕೆ ಬೈಗುಳ ಮತ್ತು ಆಣೆ ಬಿಟ್ಟರೆ ಬೇರೇನೂ ಇಲ್ಲವೆಂದು ಬಹಳ ಜನ ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ. ಆ ತಪ್ಪು ತಿಳುವಳಿಕೆಯಿಂದ ಒಬ್ಬ ಒಳ್ಳೆಯ ರೈತರ ಪ್ರಾಣವೇ ಹೋಗುವುದರಲ್ಲಿತ್ತು. ಅದಕ್ಕಾಗಿ ಈ ಲೇಖನ.

ಒಬ್ಬ ರೈತರ ಕಥೆ

ಅವರು ನಮ್ಮ ಪ್ರಾತ್ಯಕ್ಷಿಕೆ ತಾಕುಗಳನ್ನು ಹಾಕಿಸಿಕೊಂಡಿದ್ದ ರೈತರು. ಹೆಸರು ಬೇಡ. ಎಡದಂಡೆ ಕಾಲುವೆಯ ಕೆಳಗೆ ಆರು ಎಕರೆ ಎರೆಭೂಮಿ. ಎಷ್ಟು ಬೀಜ, ಎಷ್ಟು ಗೊಬ್ಬರ, ಯಾವ ದಿನ ನೀರು, ಎಲ್ಲವನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಬೇರೆ ಊರಿನ ರೈತರಿಗೆ ಆ ನೋಟುಬುಕ್ಕನ್ನು ನಾನೇ ತೋರಿಸುತ್ತಿದ್ದೆ.

ಭತ್ತ ಮಾರಿದ ದಿನ ದಲಾಲಿ ಅಂಗಡಿಯವರ ಜೊತೆ ಸ್ವಲ್ಪ ಕುಡಿಯುವುದರಿಂದ ಅದು ಆರಂಭವಾಯಿತು. ಮುಂದೆ ನಾಟಿ ಮುಗಿದ ದಿನ, ಆಮೇಲೆ ವಾರದ ಸಂತೆಯ ದಿನ, ಆಮೇಲೆ ಪ್ರತಿ ಸಂಜೆ. ಮೂರನೆಯ ವರ್ಷ ನೋಟುಬುಕ್ಕಿನಲ್ಲಿ ಖಾಲಿ ಹಾಳೆಗಳು ಕಂಡವು. ನಾಲ್ಕನೆಯ ವರ್ಷ ಬಿತ್ತನೆಗೆಂದು ತೆಗೆದಿಟ್ಟಿದ್ದ ಬೀಜದ ಚೀಲಗಳನ್ನೇ ಮಾರಿದರು. ರೈತನಾದವನು ಬಿತ್ತನೆ ಬೀಜ ಮಾರುತ್ತಾನೆಂದರೆ ಒಳಗೆ ಏನೋ ಬುಡಮೇಲಾಗಿದೆ ಎಂದೇ ಅರ್ಥ. ನಾನು ಅದನ್ನು ಅರ್ಥ ಮಾಡಿಕೊಳ್ಳಲಿಲ್ಲ. ಕ್ಷೇತ್ರೋತ್ಸವದ ದಿನ ಹತ್ತು ಜನರ ಎದುರಿಗೆ, "ನಿಮ್ಮಂಥವರು ಹೀಗೆ ಮಾಡಿದರೆ ಹೇಗೆ? ಮನಸ್ಸು ಗಟ್ಟಿ ಮಾಡಿ ಬಿಟ್ಟುಬಿಡಿ" ಎಂದು ಗದರಿಸಿದೆ.

"ನಾಳಿಂದ ಮುಟ್ಟಂಗಿಲ್ರೀ ಸಾಹೇಬ್ರ" ಎಂದರು. ಆ ಸಂಜೆ ಊರ ಗುಡಿಯ ಮುಂದೆ ಆಣೆ ಮಾಡಿದರು. ಮಾತಿಗೆ ತಪ್ಪಲಿಲ್ಲ. ಮರುದಿನ ಒಂದು ಹನಿಯನ್ನೂ ಮುಟ್ಟಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೈನಡುಕ, ಬೆವರು. ರಾತ್ರಿಯೆಲ್ಲ ನಿದ್ರೆಯಿಲ್ಲ. ಎರಡನೆಯ ದಿನ ಫಿಟ್ಸ್ ಬಂದು ಬಿದ್ದರು. ಮೂರನೆಯ ರಾತ್ರಿ ಮನೆಯ ತುಂಬ ಹಾವುಗಳಿವೆ ಎಂದು ಕೂಗುತ್ತ ಓಡಿದರು. ಮನೆಯವರು ದೆವ್ವ ಬಡಿದಿದೆ ಎಂದುಕೊಂಡರು. ಪುಣ್ಯಕ್ಕೆ ಅವರ ತಮ್ಮ ಆಸ್ಪತ್ರೆಗೆ ಒಯ್ದದ್ದರಿಂದ ಜೀವ ಉಳಿಯಿತು. ಅಲ್ಲಿಯ ಮನೋವೈದ್ಯರು ನನಗೆ ಹೇಳಿದ ಮಾತು ಇಂದಿಗೂ ನೆನಪಿದೆ. "ಇವರ ಮನಸ್ಸು ಗಟ್ಟಿಯಾಗಿಯೇ ಇತ್ತು, ಅದಕ್ಕೇ ಬಿಟ್ಟರು. ದೇಹ ಬಿಡಲು ಸಿದ್ಧವಾಗಿರಲಿಲ್ಲ."

ದೇಹ ಸಿದ್ಧವಾಗಿರಲಿಲ್ಲ ಎಂದರೇನು? ಅದನ್ನು ತಿಳಿಯಲು ಮದ್ಯವು ದೇಹದಲ್ಲಿ ಮಾಡುವ ಕೆಲಸವನ್ನು ಮೊದಲು ನೋಡೋಣ.

ಒಂದು ಕ್ವಾರ್ಟರ್‌ನ ಲೆಕ್ಕ

ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿ, ರಮ್‌ಗಳಲ್ಲಿ ಸಾಮಾನ್ಯವಾಗಿ ಗಾತ್ರದ ಶೇಕಡ 42.8ರಷ್ಟು ಮದ್ಯಸಾರ ಇರುತ್ತದೆ. 180 ಮಿ.ಲೀ.ನ ಒಂದು ಕ್ವಾರ್ಟರ್‌ನಲ್ಲಿ ಸುಮಾರು 77 ಮಿ.ಲೀ. ಶುದ್ಧ ಮದ್ಯಸಾರ, ತೂಕದಲ್ಲಿ ಸುಮಾರು 60 ಗ್ರಾಂ. ಆರೋಗ್ಯವಂತನ ಪಿತ್ತಜನಕಾಂಗ ಗಂಟೆಗೆ 7ರಿಂದ 10 ಗ್ರಾಂ ಮದ್ಯಸಾರವನ್ನು ಮಾತ್ರ ಕರಗಿಸಬಲ್ಲದು. ಆದ್ದರಿಂದ ಒಂದು ಕ್ವಾರ್ಟರ್ ಪೂರ್ತಿ ಇಳಿಯಲು ಸುಮಾರು 6ರಿಂದ 9 ಗಂಟೆ ಬೇಕು. ರಾತ್ರಿ ಹತ್ತಕ್ಕೆ ಕುಡಿದವನು ಬೆಳಿಗ್ಗೆ ಐದಕ್ಕೆ ಟ್ರ್ಯಾಕ್ಟರ್ ಹತ್ತಿದರೆ ಅಮಲು ಪೂರ್ತಿ ಇಳಿದಿರುತ್ತದೆ ಎಂದು ಹೇಳಲಾಗದು. ಮಜ್ಜಿಗೆ, ನಿಂಬೆಹಣ್ಣು, ತಣ್ಣೀರ ಸ್ನಾನ, ಯಾವುದೂ ಈ ವೇಗವನ್ನು ಹೆಚ್ಚಿಸುವುದಿಲ್ಲ.

ಮೊದಲ ಹಂತ: ಮೆದುಳು ಕಲಿಯುತ್ತದೆ

ಹಸಿದಾಗ ಊಟ, ದಣಿದಾಗ ನೀರು, ಮಕ್ಕಳ ನಗು, ಇವು ನಮಗೆ ಹಿತ ಕೊಡುತ್ತವೆ. ಹಿತ ಕೊಟ್ಟದ್ದನ್ನು ನೆನಪಿಟ್ಟುಕೊಂಡು ಮತ್ತೆ ಮಾಡಿಸುವ ಒಂದು ವ್ಯವಸ್ಥೆ ಮೆದುಳಿನ ಆಳದಲ್ಲಿದೆ. 1954ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಓಲ್ಡ್ಸ್ ಮತ್ತು ಮಿಲ್ನರ್ ಎಂಬ ವಿಜ್ಞಾನಿಗಳು ಇಲಿಗಳ ಮೆದುಳಿಗೆ ಸಣ್ಣ ತಂತಿ ಇಟ್ಟು, ಇಲಿ ಸನ್ನೆಕೋಲನ್ನು ಒತ್ತಿದಾಗಲೆಲ್ಲ ಮೆದುಳಿನ ಆ ಭಾಗಕ್ಕೆ ಸೂಕ್ಷ್ಮ ವಿದ್ಯುತ್ ಹರಿಯುವಂತೆ ಮಾಡಿದರು. ಇಲಿಗಳು ಮತ್ತೆ ಮತ್ತೆ, ಎಡೆಬಿಡದೆ ಒತ್ತತೊಡಗಿದವು. ಈ ವ್ಯವಸ್ಥೆಯಲ್ಲಿ ಡೋಪಮೈನ್ ಎಂಬ ರಾಸಾಯನಿಕ ಮುಖ್ಯ ಪಾತ್ರ ವಹಿಸುತ್ತದೆ ಎಂಬುದು ಮುಂದೆ ತಿಳಿದುಬಂತು. ಮದ್ಯ, ತಂಬಾಕು, ಗಾಂಜಾ, ಅಫೀಮು ಇವೆಲ್ಲ ಬೇರೆ ಬೇರೆ ದಾರಿಯಿಂದ ಹೋಗಿ ಈ ವ್ಯವಸ್ಥೆಯನ್ನೇ ಕೆರಳಿಸುತ್ತವೆ.

ಇನ್ನೊಂದು ಸಂಗತಿಯನ್ನು ಗಮನಿಸಿ. 1990ರ ದಶಕದಲ್ಲಿ ವೋಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳಿಗೆ ಒಂದು ಸೂಚನೆ ಕೊಟ್ಟು ಆಮೇಲೆ ಹಣ್ಣಿನ ರಸ ಕೊಡುತ್ತಿದ್ದರು. ಆರಂಭದಲ್ಲಿ ರಸ ಬಾಯಿಗೆ ಬಿದ್ದಾಗ ಡೋಪಮೈನ್ ಕೋಶಗಳು ಚುರುಕಾಗುತ್ತಿದ್ದವು. ಕೆಲವು ದಿನಗಳ ರೂಢಿಯ ನಂತರ ಸೂಚನೆ ಕಂಡಾಗಲೇ ಚುರುಕಾಗತೊಡಗಿದವು. ಕುಡಿಯುವವನಲ್ಲೂ ಹೀಗೆಯೇ. ಕೆಲವು ತಿಂಗಳಾದ ಮೇಲೆ ಅಂಗಡಿಯ ದೀಪ, ಜೊತೆಗಾರನ ಮುಖ, ಸಂಜೆಯ ಆರು ಗಂಟೆ, ಜೇಬಿನಲ್ಲಿ ಬಿದ್ದ ಹಣ, ಇಷ್ಟೇ ಸಾಕು. ಒಳಗಿನಿಂದ ಎಳೆತ ಆರಂಭವಾಗುತ್ತದೆ. "ಅಂಗಡಿ ಮುಂದೆ ಹೋದರೆ ಕಾಲು ತಾನೇ ತಿರುಗುತ್ತದೆ" ಎಂದು ಅವರು ಹೇಳುವ ಮಾತು ನೆಪವಲ್ಲ.

ಎರಡನೆಯ ಹಂತ: ದೇಹ ಹೊಂದಿಕೊಳ್ಳುತ್ತದೆ

ಮದ್ಯವು ಮೆದುಳಿನ ಶಮನ ಮಾಡುವ ಕ್ರಿಯೆಯನ್ನು ಹೆಚ್ಚಿಸಿ, ಪ್ರಚೋದಿಸುವ ಕ್ರಿಯೆಯನ್ನು ತಗ್ಗಿಸುತ್ತದೆ. ಆದ್ದರಿಂದಲೇ ಕುಡಿದವನಿಗೆ ನಿರಾಳವೆನಿಸುತ್ತದೆ, ನಾಲಿಗೆ ತೊದಲುತ್ತದೆ. ದಿನವೂ ಹೀಗಾದರೆ ಮೆದುಳು ಸುಮ್ಮನಿರುವುದಿಲ್ಲ. ಸಮತೋಲ ಉಳಿಸಿಕೊಳ್ಳಲು ತಾನೇ ಪ್ರಚೋದನೆಯನ್ನು ಏರಿಸಿಕೊಳ್ಳುತ್ತದೆ. ಪಿತ್ತಜನಕಾಂಗವೂ ಮದ್ಯಸಾರವನ್ನು ಹೆಚ್ಚು ವೇಗವಾಗಿ ಕರಗಿಸಲು ಕಲಿಯುತ್ತದೆ. ಮೊದಲು 60 ಮಿ.ಲೀ.ಗೆ ಬರುತ್ತಿದ್ದ ಅಮಲು ಈಗ 180ಕ್ಕೂ ಬರುವುದಿಲ್ಲ. "ಎಷ್ಟು ಕುಡಿದರೂ ತಡೆದುಕೊಳ್ಳುತ್ತಾನೆ, ಗಟ್ಟಿಗ" ಎಂದು ಗೆಳೆಯರು ಹೊಗಳುತ್ತಾರೆ. ವಾಸ್ತವವಾಗಿ ಅದು ಗಟ್ಟಿತನವಲ್ಲ, ಅಪಾಯದ ಮೊದಲ ಗುರುತು.

ಗಾಡಿಗೆ ದಿನ ದಿನಕ್ಕೆ ಹೇರು ಹೆಚ್ಚಿಸುತ್ತ ಹೋದರೆ ಎತ್ತುಗಳು ಅದಕ್ಕೆ ತಕ್ಕಂತೆ ಬಿರುಸಾಗಿ ಎಳೆಯುವುದನ್ನು ರೂಢಿ ಮಾಡಿಕೊಳ್ಳುತ್ತವೆ. ಎಳೆಯುತ್ತಿರುವಾಗಲೇ ಹೇರನ್ನೆಲ್ಲ ಒಮ್ಮೆಲೇ ಕೆಡವಿದರೆ ಏನಾದೀತು? ಗಾಡಿ ಮುಗ್ಗರಿಸುತ್ತದೆ. ಬಹಳ ಕಾಲ ಹೆಚ್ಚು ಕುಡಿದವನು ಒಮ್ಮೆಲೇ ನಿಲ್ಲಿಸಿದಾಗ ಆಗುವುದೂ ಇದೇ. ಶಮನ ಮಾಡುತ್ತಿದ್ದ ಮದ್ಯ ಇಲ್ಲ. ಏರಿಸಿಕೊಂಡ ಪ್ರಚೋದನೆ ಮಾತ್ರ ಉಳಿದಿದೆ. ಕೊನೆಯ ಸಲ ಕುಡಿದ 6ರಿಂದ 12 ಗಂಟೆಯೊಳಗೆ ನಡುಕ, ಬೆವರು, ವಾಕರಿಕೆ. 48 ಗಂಟೆಯೊಳಗೆ ಕೆಲವರಿಗೆ ಫಿಟ್ಸ್. ಎರಡರಿಂದ ನಾಲ್ಕನೆಯ ದಿನದಲ್ಲಿ ಕೆಲವರಿಗೆ ಜ್ವರ, ದಿಕ್ಕು ತೋಚದಿರುವುದು, ಇಲ್ಲದ್ದು ಕಣ್ಣಿಗೆ ಕಾಣುವುದು. ಈ ಕೊನೆಯ ಸ್ಥಿತಿಗೆ ವೈದ್ಯರು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ದೊರೆಯದಿದ್ದರೆ ಪ್ರಾಣ ಹೋಗಬಹುದು. ನಮ್ಮ ರೈತರಿಗೆ ಆದದ್ದು ಇದೇ.

ಮೂರನೆಯ ಹಂತ: ಮನುಷ್ಯ ಬದಲಾಗುತ್ತಾನೆ

ಈ ಹಂತಕ್ಕೆ ಬಂದವನು ಸುಖಕ್ಕಾಗಿ ಕುಡಿಯುವುದಿಲ್ಲ. ಬೆಳಿಗ್ಗೆ ಕೈ ನಡುಗದಿರಲಿ ಎಂದು ಕುಡಿಯುತ್ತಾನೆ. ಊಟ ರುಚಿಸುವುದಿಲ್ಲ, ಬೆಳೆ ಚೆನ್ನಾಗಿದ್ದರೂ ಸಂತೋಷವಾಗುವುದಿಲ್ಲ. ಮೆದುಳಿನ ಹಿತದ ವ್ಯವಸ್ಥೆ ಮಿಕ್ಕ ಎಲ್ಲದಕ್ಕೂ ಮಂಕಾಗಿರುತ್ತದೆ.

ಹಣೆಯ ಹಿಂದೆ ಇರುವ ಮೆದುಳಿನ ಮುಂಭಾಗವು ಮುಂದಾಲೋಚನೆ ಮಾಡುವ, ಮನಸ್ಸಿಗೆ ಮೂಗುದಾರ ಹಾಕುವ ಭಾಗ. ದೀರ್ಘಕಾಲದ ಕುಡಿತದಿಂದ ಇದು ದುರ್ಬಲವಾಗುತ್ತದೆ. ಆಗ ಈ ಗಳಿಗೆ ದೊಡ್ಡದಾಗಿ, ನಾಳೆ ಸಣ್ಣದಾಗಿ ಕಾಣುತ್ತದೆ. ಬೇಸಾಯವೆಂದರೆ ನಾಳೆಯ ಮೇಲೆ ನಂಬಿಕೆ ಇಟ್ಟು ಇಂದು ಮಣ್ಣಿಗೆ ಬೀಜ ಹಾಕುವ ಕೆಲಸ. ಆ ನಾಳೆಯೇ ಕಣ್ಣಿಗೆ ಕಾಣದಂತಾದಾಗ ಬಿತ್ತನೆ ಬೀಜವೂ ಸಂಜೆಯ ಖರ್ಚಿನಂತೆ ಕಾಣುತ್ತದೆ.

ಸುಳ್ಳೂ ಹೀಗೆಯೇ ಬರುತ್ತದೆ. ಆ ರೈತರ ಮನೆಯಾಕೆ ನನಗೆ ಹೀಗೆಂದರು: "ಬಿಡತೀನಿ ಅಂತ ಸುಳ್ಳ ಹೇಳತಾರ ಅಂತಿದ್ದೆ ರೀ. ಹೇಳೂವಾಗ ಅವರಿಗೆ ಅದು ಖರೇನ ಇರತಿತ್ತು. ಸಂಜೀಗೆ ಬ್ಯಾರೆ ಮನಿಶಾನ ಆಗತಿದ್ರು." ಎಷ್ಟೋ ಪುಸ್ತಕಗಳಿಗಿಂತ ಸ್ಪಷ್ಟವಾಗಿ ಆ ತಾಯಿ ವಿಷಯವನ್ನು ಹೇಳಿದರು.

ಸವಳು ಹತ್ತುವುದೂ ಹೀಗೆಯೇ

ತುಂಗಭದ್ರಾ ಕಾಲುವೆಗೆ 1953ರಲ್ಲಿ ನೀರು ಬಂದಾಗ ಮಿತನೀರಿನ ಬೆಳೆಗಳನ್ನು ಮುಖ್ಯವಾಗಿ ಬೆಳೆಯಬೇಕೆಂಬ ಯೋಜನೆ ಇತ್ತು. ಭತ್ತ ಹರಡಿತು, ನೀರು ಹೆಚ್ಚಾಯಿತು, ಬಸಿದು ಹೋಗಲು ದಾರಿ ಇರಲಿಲ್ಲ. ಮೊದಲ ವರ್ಷಗಳಲ್ಲಿ ಇಳುವರಿ ಭರ್ಜರಿಯಾಗಿಯೇ ಬಂತು. ನೆಲದ ಕೆಳಗೆ ಮಾತ್ರ ನೀರಿನ ಮಟ್ಟ ಏರುತ್ತಿತ್ತು. ಅದು ಮೇಲ್ಮಣ್ಣಿನ ಹತ್ತಿರ ಬಂದಾಗ ಉಪ್ಪು ನೀರಿನೊಂದಿಗೆ ಮೇಲೇರಿ ಬೆಳ್ಳಗೆ ಕಾಣಿಸಿಕೊಂಡಿತು. ಉಪ್ಪು ಕಂಡ ದಿನ ಸವಳು ಹುಟ್ಟಿದ್ದಲ್ಲ. ಅದಕ್ಕೆ ಎಷ್ಟೋ ವರ್ಷ ಮೊದಲೇ ಆರಂಭವಾಗಿತ್ತು.

ಅಂಥ ಹೊಲದ ಮುಂದೆ ನಿಂತು ನಾವು ಯಾರೂ ಭೂಮಿಯನ್ನು ಬೈಯುವುದಿಲ್ಲ. ಮಣ್ಣು ಪರೀಕ್ಷೆ ಮಾಡಿಸುತ್ತೇವೆ, ಬಸಿಗಾಲುವೆ ತೋಡುತ್ತೇವೆ, ಸಿಹಿ ನೀರು ಕಟ್ಟಿ ಉಪ್ಪನ್ನು ತೊಳೆಯುತ್ತೇವೆ, ಕ್ಷಾರವಿದ್ದರೆ ಜಿಪ್ಸಂ ಹಾಕುತ್ತೇವೆ, ಒಂದೆರಡು ವರ್ಷ ಕಾಯುತ್ತೇವೆ. ಸರಿಯಾದ ಮೇಲೂ ನೀರು ಹೆಚ್ಚು ಬಿಟ್ಟರೆ ಸವಳು ಮತ್ತೆ ಬರುತ್ತದೆಂದು ಎಚ್ಚರದಿಂದಿರುತ್ತೇವೆ. ಭೂಮಿಗೆ ತೋರಿಸುವ ಈ ತಾಳ್ಮೆಯನ್ನು ಮನುಷ್ಯನಿಗೆ ನಾನು ತೋರಿಸಲಿಲ್ಲ.

ಎಲ್ಲರಿಗೂ ಏಕೆ ಹತ್ತುವುದಿಲ್ಲ?

ಒಂದೇ ಕಾಲುವೆಯ ನೀರು ಕುಡಿದ ಎಲ್ಲ ಹೊಲಕ್ಕೂ ಸವಳು ಹತ್ತುವುದಿಲ್ಲ. ಕುಡಿಯುವವರೆಲ್ಲರೂ ಚಟಕ್ಕೆ ಬೀಳುವುದಿಲ್ಲ. ದೆಹಲಿಯ ಅಖಿಲ ಭಾರತ ವೈದ್ಯ ವಿಜ್ಞಾನ ಸಂಸ್ಥೆಯು ಕೇಂದ್ರ ಸರ್ಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ದೇಶದಲ್ಲಿ 10ರಿಂದ 75 ವರ್ಷದವರಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಿದ್ದರು. ಅವರಲ್ಲಿ ಚಟಕ್ಕೆ ಸಿಕ್ಕಿದವರು ಸುಮಾರು 2.9 ಕೋಟಿ. ಚಟ ಹತ್ತಿದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ದೊರೆತಿತ್ತು.

ಯಾರಿಗೆ ಹತ್ತುತ್ತದೆ ಎಂಬುದರಲ್ಲಿ ಸುಮಾರು ಅರ್ಧ ಪಾಲು ವಂಶಪಾರಂಪರ್ಯದ್ದು ಎಂದು ಅವಳಿ ಮಕ್ಕಳ ಅಧ್ಯಯನಗಳಿಂದ ತಿಳಿದಿದೆ. ತಂದೆಗೆ ಚಟವಿದ್ದರೆ ಮಗನಿಗೆ ಬಂದೇ ಬರುತ್ತದೆ ಎಂದಲ್ಲ. ಅವನು ಹೆಚ್ಚು ಎಚ್ಚರದಿಂದಿರಬೇಕು ಎಂದಷ್ಟೆ. ಮೆದುಳಿನ ಮುಂಭಾಗ ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು. ಆದ್ದರಿಂದ ಹದಿಹರೆಯದಲ್ಲಿ ಆರಂಭಿಸಿದವರಿಗೆ ಅಪಾಯ ಹೆಚ್ಚು. ಸಾಲ, ಬೆಳೆ ನಷ್ಟ, ಒಂಟಿತನ, ಖಿನ್ನತೆ ಇವೂ ದಾರಿ ಮಾಡಿಕೊಡುತ್ತವೆ.

ಪರಿಸರದ ಪಾತ್ರ ಎಷ್ಟೆಂಬುದಕ್ಕೆ ಅಮೆರಿಕದ ಒಂದು ಅಧ್ಯಯನ ಪ್ರಸಿದ್ಧವಾಗಿದೆ. ವಿಯೆಟ್ನಾಂ ಯುದ್ಧದಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಅಲ್ಲಿ ಹೆರಾಯಿನ್‌ನಂತಹ ಮಾದಕ ವಸ್ತುಗಳ ಚಟ ಹತ್ತಿತ್ತು. 1971ರಲ್ಲಿ ಮರಳಿದವರನ್ನು ಲೀ ರಾಬಿನ್ಸ್ ಎಂಬ ವಿಜ್ಞಾನಿ ಅಧ್ಯಯನ ಮಾಡಿದಾಗ, ಮೊದಲ ವರ್ಷದಲ್ಲಿ ಮತ್ತೆ ಚಟಕ್ಕೆ ಬಿದ್ದವರು ಶೇಕಡ 5ರಷ್ಟು ಮಾತ್ರ. ಯುದ್ಧಭೂಮಿ, ಅಲ್ಲಿಯ ಭಯ, ಅಲ್ಲಿಯ ಜೊತೆಗಾರರು, ಎಲ್ಲವೂ ಹಿಂದೆ ಉಳಿದಿದ್ದವು. ನಮ್ಮ ರೈತನಿಗೆ ಈ ಅನುಕೂಲವಿಲ್ಲ. ಆಸ್ಪತ್ರೆಯಿಂದ ಅದೇ ಊರಿಗೆ, ಅದೇ ಅಂಗಡಿಯ ಮುಂದಿನ ದಾರಿಗೆ ಅವನು ಮರಳಬೇಕು. ಆದ್ದರಿಂದ ದಾರಿಯನ್ನೇ ಬದಲಿಸಲು ಮನೆಯವರು ನೆರವಾಗಬೇಕು.

ಪರೀಕ್ಷೆ ಹೇಗೆ?

ಮಣ್ಣು ಪರೀಕ್ಷೆಯಂತೆ ಇದಕ್ಕೂ ಒಂದು ಸರಳ ಪರೀಕ್ಷೆ ಇದೆ. ಅಮೆರಿಕದ ವೈದ್ಯ ಜಾನ್ ಯೂಯಿಂಗ್ 1984ರಲ್ಲಿ ಪ್ರಕಟಿಸಿದ ನಾಲ್ಕು ಪ್ರಶ್ನೆಗಳನ್ನು ವೈದ್ಯರು ಇಂದಿಗೂ ಬಳಸುತ್ತಾರೆ. ಒಬ್ಬರೇ ಕುಳಿತು ತಮ್ಮನ್ನು ತಾವೇ ಕೇಳಿಕೊಳ್ಳಬಹುದು.

1. ಕುಡಿತ ಕಡಿಮೆ ಮಾಡಬೇಕೆಂದು ಎಂದಾದರೂ ಅನಿಸಿದೆಯೇ?
2. ನಿಮ್ಮ ಕುಡಿತದ ಬಗ್ಗೆ ಬೇರೆಯವರು ಮಾತನಾಡಿದಾಗ ಸಿಟ್ಟು ಬಂದಿದೆಯೇ?
3. ಕುಡಿದುದಕ್ಕಾಗಿ ತಪ್ಪು ಮಾಡಿದೆನೆಂದು ಮನಸ್ಸಿಗೆ ಚುಚ್ಚಿದೆಯೇ?
4. ಬೆಳಿಗ್ಗೆ ಎದ್ದೊಡನೆ ನಡುಕ ಅಥವಾ ತಲೆಭಾರ ಹೋಗಲು ಕುಡಿದದ್ದುಂಟೇ?

ಎರಡು ಅಥವಾ ಹೆಚ್ಚು ಪ್ರಶ್ನೆಗಳಿಗೆ ಹೌದು ಎಂಬ ಉತ್ತರ ಬಂದರೆ ವೈದ್ಯರನ್ನು ಕಾಣುವುದು ಒಳ್ಳೆಯದು. ನಾಲ್ಕನೆಯದಕ್ಕೆ ಹೌದು ಎಂದಾದರೆ ತಡಮಾಡಬಾರದು. ತಾನಾಗಿ ಒಮ್ಮೆಲೇ ನಿಲ್ಲಿಸಲೂಬಾರದು.

ಚಿಕಿತ್ಸೆ ಏನು?

ಮೊದಲ ಒಂದು ವಾರದಿಂದ ಹತ್ತು ದಿನ ದೇಹದಿಂದ ಮದ್ಯ ಬಿಡಿಸುವ ಚಿಕಿತ್ಸೆ. ಫಿಟ್ಸ್ ಬಾರದಂತೆ ಮೆದುಳನ್ನು ಶಮನಗೊಳಿಸುವ ಮಾತ್ರೆಗಳನ್ನು ಕೊಟ್ಟು ದಿನೇ ದಿನೇ ಪ್ರಮಾಣ ತಗ್ಗಿಸುತ್ತಾರೆ. ಕುಡಿತದಿಂದ ದೇಹದಲ್ಲಿ ಬಿ-1 ಜೀವಸತ್ವ ಬಹಳ ಕಡಿಮೆಯಾಗಿರುವುದರಿಂದ ಅದನ್ನೂ ಕೊಡುತ್ತಾರೆ. ಇಲ್ಲವಾದರೆ ನೆನಪಿನ ಶಕ್ತಿಗೆ ಶಾಶ್ವತ ಹಾನಿಯಾಗಬಹುದು. ಇಲ್ಲಿಗೆ ಚಿಕಿತ್ಸೆ ಮುಗಿಯುವುದಿಲ್ಲ, ಆರಂಭವಾಗುತ್ತದೆ. ಮುಂದೆ ತಿಂಗಳುಗಟ್ಟಲೆ ಬಯಕೆ ತಗ್ಗಿಸುವ ಔಷಧಿ, ಸಮಾಲೋಚನೆ, ಮನೆಯವರ ಬೆಂಬಲ ಬೇಕು. 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಕುಡಿತ ಬಿಡಬಯಸಿದ ಇಬ್ಬರು ಸೇರಿ ಆರಂಭಿಸಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಬಳಗದ ಸಭೆಗಳು ಕರ್ನಾಟಕದಲ್ಲೂ ನಡೆಯುತ್ತವೆ. ಅದಕ್ಕೆ ಶುಲ್ಕವಿಲ್ಲ.

ಒಂದು ಎಚ್ಚರಿಕೆ. ಕುಡಿತ ಬಿಡಿಸುವ ಪುಡಿಯೆಂದು ಅನ್ನದಲ್ಲಿ, ಚಹಾದಲ್ಲಿ ಅವರಿಗೆ ತಿಳಿಯದಂತೆ ಯಾವ ಔಷಧಿಯನ್ನೂ ಬೆರೆಸಬೇಡಿ. ಡೈಸಲ್ಫಿರಾಂ ಎಂಬ ಔಷಧಿ ದೇಹದಲ್ಲಿರುವಾಗ ಮದ್ಯ ಸೇವಿಸಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದ ಒತ್ತಡ ಕುಸಿದು ಪ್ರಾಣಕ್ಕೆ ಅಪಾಯವಾಗಬಹುದು. ರೋಗಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದು, ವೈದ್ಯರ ಉಸ್ತುವಾರಿಯಲ್ಲಿ ಕೊಡಬೇಕಾದ ಔಷಧಿ ಅದು.

ಮತ್ತೆ ಕುಡಿದರೆ?

ನಮ್ಮ ರೈತರು ಆಸ್ಪತ್ರೆಯಿಂದ ಬಂದು ಏಳು ತಿಂಗಳು ಚೆನ್ನಾಗಿದ್ದರು. ಭತ್ತ ಮಾರಿದ ದಿನ ಮತ್ತೆ ಕುಡಿದರು. ಹಣ, ದಲಾಲಿ ಅಂಗಡಿ, ಹಳೆಯ ಜೊತೆಗಾರರು, ಮೂರೂ ಸೂಚನೆಗಳು ಒಂದೇ ದಿನ ಸೇರಿದ್ದವು. ಊರವರು "ನಾಯಿ ಬಾಲ" ಎಂದರು. ಮನೆಯಾಕೆ ಮಾತ್ರ ಮರುದಿನವೇ ಆಸ್ಪತ್ರೆಗೆ ಕರೆದೊಯ್ದರು. ಮುಂದಿನ ಸುಗ್ಗಿಯಿಂದ ಭತ್ತ ಮಾರಲು ತಮ್ಮ ಜೊತೆಗೆ ಹೋದ. ಹಣ ನೇರವಾಗಿ ಬ್ಯಾಂಕಿನ ಖಾತೆಗೆ ಬಂತು. ಸಂಜೆ ಆರು ಗಂಟೆಯ ಹೊತ್ತಿಗೆ ಎರಡು ಎಮ್ಮೆಗಳ ಹಾಲು ಕರೆದು ಡೈರಿಗೆ ಹಾಕುವ ಕೆಲಸವನ್ನು ಅವರೇ ವಹಿಸಿಕೊಂಡರು. ಇವು ಸಣ್ಣ ಸಂಗತಿಗಳಂತೆ ಕಾಣುತ್ತವೆ. ಅವರ ಪಾಲಿಗೆ ಇವೇ ಬಸಿಗಾಲುವೆಗಳಾದವು.

ಮತ್ತೆ ಕುಡಿದರೆಂದರೆ ಚಿಕಿತ್ಸೆ ವ್ಯರ್ಥವಾಯಿತು ಎಂದಲ್ಲ. ರಕ್ತದ ಒತ್ತಡ ಮತ್ತೆ ಏರಿದರೆ ನಾವು ರೋಗಿಯನ್ನು ಬೈಯುವುದಿಲ್ಲ, ಔಷಧಿ ಸರಿಪಡಿಸುತ್ತೇವೆ. ಮದ್ಯ ಬಿಟ್ಟ ವಾರಗಳು, ತಿಂಗಳುಗಳಲ್ಲಿ ಮೆದುಳು ತಕ್ಕಮಟ್ಟಿಗೆ ಚೇತರಿಸಿಕೊಳ್ಳುತ್ತದೆ ಎಂಬುದು ದೃಢಪಟ್ಟಿದೆ. ನಿದ್ರೆ ಸರಿಯಾಗಲು ಕೆಲವು ತಿಂಗಳು ಬೇಕಾಗಬಹುದು. ಅಲ್ಲಿಯವರೆಗೆ ಸಿಡುಕು, ಬೇಸರ ಇರುವುದು ಸಹಜ. ಮನೆಯವರು ಅದನ್ನು ತಿಳಿದಿದ್ದರೆ ಅರ್ಧ ಜಗಳ ಕಡಿಮೆಯಾಗುತ್ತದೆ.

ನೆನಪಿಡಬೇಕಾದ ಅಂಶಗಳು

1. ದಿನವೂ ಹೆಚ್ಚು ಕುಡಿಯುವವರು ವೈದ್ಯರ ಸಲಹೆಯಿಲ್ಲದೆ ಒಮ್ಮೆಲೇ ನಿಲ್ಲಿಸಬಾರದು. ಫಿಟ್ಸ್, ಭ್ರಮೆ ಕಂಡರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.
2. ಕುಡಿದಾಗ ಬುದ್ಧಿ ಹೇಳಬೇಡಿ. ಬೆಳಿಗ್ಗೆ, ಅಮಲು ಇಳಿದಾಗ, ಒಬ್ಬರೇ ಇದ್ದಾಗ ಮಾತನಾಡಿ. ಜನರ ಎದುರಿಗೆ ಅವಮಾನ ಮಾಡಬೇಡಿ.
3. ಕುಡಿತದ ಸಾಲವನ್ನು ಗುಟ್ಟಾಗಿ ತೀರಿಸಬೇಡಿ. ಚಿಕಿತ್ಸೆಯ ಖರ್ಚಿಗೆ ಹಿಂಜರಿಯಬೇಡಿ.
4. ಮನೆಯಲ್ಲಿ ಕುಡಿತದ ತೊಂದರೆ ಇದ್ದರೆ ಕೀಟನಾಶಕ, ಕಳೆನಾಶಕಗಳನ್ನು ಬೀಗ ಹಾಕಿ ಇಡಿ. ಬೀಗದ ಕೈ ಬೇರೆಯವರ ಬಳಿ ಇರಲಿ. ಅಮಲಿನಲ್ಲಿ, ಸಿಟ್ಟಿನಲ್ಲಿ ಒಂದು ಗಳಿಗೆಯ ದುಡುಕು ಪ್ರಾಣ ತೆಗೆಯುತ್ತದೆ.
5. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗವನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗಾಗಿಯೇ ಪ್ರತ್ಯೇಕ ಕೇಂದ್ರವಿದೆ. ಉಚಿತ ಸಲಹೆಗೆ ವ್ಯಸನಮುಕ್ತಿ ಸಹಾಯವಾಣಿ 14446 ಅಥವಾ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಬಹುದು.

ಕಳೆದ ಹಿಂಗಾರಿನಲ್ಲಿ ಆ ರೈತರ ಹೊಲಕ್ಕೆ ಹೋಗಿದ್ದೆ. ಕುಡಿತ ಬಿಟ್ಟು ಆರು ವರ್ಷವಾಗಿದೆ. "ಈಗ ಪೂರ್ತಿ ವಾಸಿಯಾಯಿತೇ?" ಎಂದು ಕೇಳಿದೆ. ಬಸಿಗಾಲುವೆಯ ಹೂಳು ತೆಗೆಯುತ್ತಿದ್ದವರು ಸಲಿಕೆ ಊರಿ ನಿಂತು, "ಇದನ್ನ ವರ್ಷಾ ತೆಗೀಬೇಕಲ್ರೀ ಸಾಹೇಬ್ರ, ಹಂಗ ಅದೂನೂ" ಎಂದರು. ನೋಟುಬುಕ್ಕು ಬದುವಿನ ಮೇಲಿತ್ತು. ಅಂದಿನ ತಾರೀಖು ಬರೆದಾಗಿತ್ತು.